ಚೋಕ್ ತೆಗೆದೊಡನೆ ಎಂಜಿನ್ ನಿಂತುಹೋಗುತ್ತದೆ: ಎಟಿವಿ ಕಾರ್ಬುರೇಟರ್ ಬಿಚ್ಚಿ ಸರ್ವಿಸ್ ಮಾಡುವ ಬಗೆ

ಪ್ರಶ್ನೆ
ತೋಟದಹಾದಿ, ಸೋಮವಾರಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕಾಫಿ ತೋಟದೊಳಗೆ ಗೊಬ್ಬರದ ಚೀಲ, ಸ್ಪ್ರಿಂಕ್ಲರ್ ಪೈಪು ಮುಂತಾದವನ್ನು ಸಾಗಿಸಲು ನಾವು 110 ಸಿಸಿಯ ಒಂದು ಸಣ್ಣ ಎಟಿವಿಯನ್ನು (ಕಚ್ಚಾ ಹಾದಿಯ ನಾಲ್ಕು ಚಕ್ರದ ಗಾಡಿ) ಕರಾವಳಿಯವರೊಬ್ಬರಿಂದ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡಿದ್ದೆವು. ಅಡ್ಡ ಮಲಗಿದ ಸಿಲಿಂಡರಿನ, ಗಾಳಿಯಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್; ಸೆಲ್ಫ್ ಮಾತ್ರ ಇದೆ, ಕಿಕ್ಕರ್ ಇಲ್ಲ. ಗಾಳಿ, ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಮೈಮೇಲೆ ಪಿ.ಜೆಡ್. 19 ಎಂದು ಎರಕದಲ್ಲಿ ಮೂಡಿದೆ.

ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದಾಗ ಗಾಡಿಯನ್ನು ಶೆಡ್ಡಿಗೆ ತಳ್ಳಿದವರು, ಅಕ್ಟೋಬರ್ ಬರುವವರೆಗೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತು, ಪೆಟ್ರೋಲ್ ಟ್ಯಾಪನ್ನು ಮುಚ್ಚಿರಲಿಲ್ಲ; ಅದು ನನ್ನದೇ ತಪ್ಪು. ಈಗ ಬ್ಯಾಟರಿ ಚಾರ್ಜ್ ಮಾಡಿ ಸೆಲ್ಫ್ ಹೊಡೆದರೆ ಪೂರ್ತಿ ಚೋಕ್ ಹಾಕಿದಾಗ ಮಾತ್ರ ಎಂಜಿನ್ ಹತ್ತಿಕೊಳ್ಳುತ್ತದೆ. ಚೋಕನ್ನು ತೆಗೆಯುತ್ತಿದ್ದಂತೆ ಎರಡು ಮೂರು ಸೆಕೆಂಡಿನಲ್ಲಿ ಉಸಿರು ಕಟ್ಟಿದ ಹಾಗೆ ನಿಂತುಹೋಗುತ್ತದೆ. ಅಲ್ಲದೆ ನಿಲ್ಲಿಸಿದ ಗಾಡಿಯ ಕೆಳಗೆ, ಕಾರ್ಬುರೇಟರಿನಿಂದ ಇಳಿಬಿದ್ದ ತೆಳು ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ.

ಪಟ್ಟಣದ ಮೆಕ್ಯಾನಿಕ್ ಒಬ್ಬರು ಬಂದು, ಕಾರ್ಬುರೇಟರನ್ನು ಬಿಚ್ಚದೆ ಬಾಯಿಗೆ ಒಂದಿಷ್ಟು ಸ್ಪ್ರೇ ಹೊಡೆದು, ಪಕ್ಕದ ಎರಡು ಸ್ಕ್ರೂಗಳನ್ನು ಅತ್ತಿತ್ತ ತಿರುಗಿಸಿ, ಕೊನೆಗೆ ಹೊಸದನ್ನೇ ಹಾಕಿಸಿ ಎಂದು ಹೇಳಿ ಹೋದರು. ಸ್ಕ್ರೂಗಳು ಮೊದಲು ಎಷ್ಟು ಸುತ್ತಿನಲ್ಲಿದ್ದವೆಂದು ಈಗ ಯಾರಿಗೂ ಗೊತ್ತಿಲ್ಲ. ಪಂಪ್‌ಸೆಟ್ಟಿನ ಎಂಜಿನ್ ಬಿಚ್ಚಿ ಜೋಡಿಸಿದ ಅಭ್ಯಾಸ ನನಗಿದೆ, ಆದರೆ ಕಾರ್ಬುರೇಟರಿಗೆ ಕೈ ಹಾಕಿದವನಲ್ಲ. ಏನನ್ನೂ ಮುರಿಯದೆ ಇದನ್ನು ಇಳಿಸಿ, ಸ್ವಚ್ಛ ಮಾಡಿ, ಮತ್ತೆ ಕೂರಿಸುವುದು ಹೇಗೆಂದು ತಿಳಿದವರು ಹೇಳಬೇಕು. ಸಮುದ್ರಮಟ್ಟದಲ್ಲಿ ಓಡುತ್ತಿದ್ದ ಗಾಡಿಯನ್ನು ಸಾವಿರ ಮೀಟರಿಗಿಂತ ಎತ್ತರದ ಊರಿಗೆ ತಂದಿರುವುದರಿಂದ, ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಜೆಟ್ಟನ್ನು ಬದಲಿಸಬೇಕೇ ಎಂಬುದು ಇನ್ನೊಂದು ಸಂದೇಹ. ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಗಾಡಿ ಓಡಿದರೆ ಸಾಕು.

ಉತ್ತರ 1
ಹಳೆಯಪಾನಾ, ಹಾಸನ

ನೀವು ಹೇಳಿದ ಲಕ್ಷಣಗಳಲ್ಲಿ ಎರಡು ಬೇರೆ ಬೇರೆ ದೋಷಗಳಿವೆ, ಅವನ್ನು ಒಂದೆಂದು ತಿಳಿಯಬೇಡಿ. ಚೋಕ್ ಹಾಕಿದಾಗ ಗಾಳಿಯ ದಾರಿ ಮುಚ್ಚಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಅದೊಂದೇ ಸ್ಥಿತಿಯಲ್ಲಿ ಎಂಜಿನ್ ಓಡುತ್ತದೆಂದರೆ ಉಳಿದ ಹೊತ್ತಿನಲ್ಲಿ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಐಡ್ಲಿಂಗಿನಲ್ಲಿ, ಅಂದರೆ ಥ್ರಾಟಲ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಪೆಟ್ರೋಲ್ ಒದಗಿಸುವುದು ಪೈಲಟ್ ಜೆಟ್. ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಕಿರಿದು, ಹಾಗಾಗಿ ಪೆಟ್ರೋಲ್ ಆರಿ ಅಂಟಾದಾಗ ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳುವುದು ಅದೇ. ತೊಟ್ಟಿಕ್ಕುವುದಕ್ಕೆ ಕಾರಣ ಬೇರೆ: ಕಾರ್ಬುರೇಟರಿನ ತಳದ ಬಟ್ಟಲಾದ ಬೌಲಿನಲ್ಲಿ ಪೆಟ್ರೋಲ್ ಸಾಕಷ್ಟು ತುಂಬಿದಾಗ, ಅದರ ಮೇಲೆ ತೇಲುವ ಫ್ಲೋಟ್ ಮೇಲೆದ್ದು ಒಂದು ಸೂಜಿಯನ್ನು ಒತ್ತಿ ದಾರಿ ಮುಚ್ಚಬೇಕು. ನಿಮ್ಮಲ್ಲಿ ಆ ಸೂಜಿ ಸರಿಯಾಗಿ ಕೂರುತ್ತಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಒಂದು ಕಡೆ ಬರಗಾಲ, ಇನ್ನೊಂದು ಕಡೆ ನೆರೆ.

ಪಾನಾ ಹಿಡಿಯುವ ಮೊದಲು ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಸೂಜಿ ಸೋರುವ ಗಾಡಿಯ ಟ್ಯಾಪನ್ನು ತಿಂಗಳುಗಟ್ಟಲೆ ತೆರೆದಿಟ್ಟಾಗ ಪೆಟ್ರೋಲೆಲ್ಲವೂ ಹೊರಗೇ ಸುರಿಯುತ್ತದೆಂದು ಹೇಳಲಾಗದು. ಕೆಲವೊಮ್ಮೆ ಇನ್‌ಟೇಕ್ ದಾರಿಯಿಂದ ಸಿಲಿಂಡರಿಗಿಳಿದು, ರಿಂಗುಗಳ ಸಂದಿಯಿಂದ ಆಯಿಲಿನೊಂದಿಗೆ ಬೆರೆಯುತ್ತದೆ. ಆಯಿಲ್ ಮಟ್ಟ ಏರಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಬದಲಿಸುವವರೆಗೆ ಸೆಲ್ಫ್ ಗುಂಡಿಯನ್ನು ಮುಟ್ಟಬೇಡಿ. ಕಾರ್ಬುರೇಟರ್ ಸರಿಹೋಗಿ ಬೇರಿಂಗ್ ಹಾಳಾದರೆ ಯಾರಿಗೆ ಲಾಭ?

ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಯಲಿನಲ್ಲಿ ಕೆಲಸ ಮಾಡಿ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ಬೀಡಿ, ಒಲೆ, ಗ್ರೈಂಡರಿನ ಕಿಡಿ ಯಾವುದೂ ಹತ್ತಿರ ಇರಕೂಡದು. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳಿರಲಿ, ಏಕೆಂದರೆ ಪೆಟ್ರೋಲಿನ ಬೆಂಕಿಗೆ ನೀರು ಸುರಿದರೆ ಬೆಂಕಿ ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ. ಸೀಟು ಮತ್ತು ಪಕ್ಕದ ಪ್ಲಾಸ್ಟಿಕ್ ಮುಚ್ಚಳಗಳನ್ನು ತೆಗೆದ ಮೇಲೆ, ಕಾರ್ಬುರೇಟರಿನ ಸುತ್ತ ಅಂಟಿದ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ ಒರೆಸಿ. ಇದನ್ನು ಬಿಟ್ಟವರು ಕಾರ್ಬುರೇಟರ್ ಕಳಚುವಾಗ ಇನ್‌ಟೇಕ್ ಬಾಯಿಯೊಳಗೆ ತಾವೇ ಮಣ್ಣು ಉದುರಿಸುತ್ತಾರೆ. ಆಮೇಲೆ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ. ಯಾವ ಪೈಪು ಎಲ್ಲಿಗೆ ಹೋಗುತ್ತದೆಂಬ ಜಗಳ ಸಂಜೆಗೆ ಬರುವುದಿಲ್ಲ.

ಪೆಟ್ರೋಲ್ ಟ್ಯಾಪ್ ಮುಚ್ಚಿ, ಬೌಲಿನ ತಳದಲ್ಲಿರುವ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ಪ್ಲಾಸ್ಟಿಕ್ ಮಗ್ ಬೇಡ, ಗಾಜೇ ಬೇಕು, ಏಕೆಂದರೆ ಹತ್ತು ನಿಮಿಷ ಬಿಟ್ಟು ಆ ಬಾಟಲಿಯ ತಳ ನೋಡಬೇಕು. ಈಗ ಬಂಕುಗಳಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್, ಶೇ. 20ರಷ್ಟು ಬೆರಕೆಯ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಎಥನಾಲ್ ಗಾಳಿಯ ತೇವವನ್ನು ಎಳೆದು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ದಿನವೂ ಓಡುವ ಗಾಡಿಗೆ ಇದು ದೊಡ್ಡ ವಿಷಯವಲ್ಲ, ಆದರೆ ಮಲೆನಾಡಿನ ಮಳೆಗಾಲದಲ್ಲಿ, ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ, ನಾಲ್ಕು ತಿಂಗಳು ಅಲುಗಾಡದೆ ನಿಂತ ಪೆಟ್ರೋಲಿನ ಕಥೆ ಬೇರೆ. ನೀರು ಒಂದು ಮಿತಿ ಮೀರಿದರೆ ಎಥನಾಲೂ ನೀರೂ ಒಟ್ಟಿಗೆ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಮತ್ತು ಎಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಬಾಟಲಿಯಲ್ಲಿ ಎರಡು ಪದರ ಕಂಡರೆ ಅಥವಾ ತಳದಲ್ಲಿ ಹನಿಗಳು ಹರಿದಾಡಿದರೆ, ಟ್ಯಾಂಕಿನ ಪೆಟ್ರೋಲನ್ನೂ ಪೂರ್ತಿ ಇಳಿಸಲೇಬೇಕು.

ಇನ್ನು ಕಳಚುವ ಕ್ರಮ. ಮೇಲಿನ ದುಂಡು ಮುಚ್ಚಳವನ್ನು ಕೈಯಿಂದ ತಿರುಗಿಸಿದರೆ ಥ್ರಾಟಲ್ ಕೇಬಲ್, ಸ್ಪ್ರಿಂಗ್, ಸ್ಲೈಡ್ ಮತ್ತು ಉದ್ದನೆಯ ಸೂಜಿ ಒಂದೇ ಸರದಂತೆ ಹೊರಗೆ ಬರುತ್ತವೆ. ಸೂಜಿ ಬಾಗದಂತೆ ಅವನ್ನು ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲಿಗೆ ಕಟ್ಟಿಡಿ. ಕೇಬಲನ್ನು ಸ್ಲೈಡಿನಿಂದ ಬೇರ್ಪಡಿಸುವ ಅಗತ್ಯ ಈಗಿಲ್ಲ. ಪೆಟ್ರೋಲ್ ಪೈಪನ್ನು ಇಕ್ಕಳದಿಂದ ಎಳೆಯಬೇಡಿ, ಸ್ವಲ್ಪ ತಿರುಚಿ ಸಡಿಲಿಸಿ ಎಳೆಯಿರಿ. ಏರ್ ಫಿಲ್ಟರಿನ ಕ್ಲ್ಯಾಂಪ್ ಬಿಚ್ಚಿ ಹಿಂದಕ್ಕೆ ಸರಿಸಿ. ಕೊನೆಗೆ ಎಂಜಿನ್ ಕಡೆಯ ಫ್ಲ್ಯಾಂಜಿನಲ್ಲಿರುವ ಎರಡು ಬೋಲ್ಟುಗಳನ್ನು ಒಂದನ್ನೇ ಪೂರ್ತಿ ತೆಗೆಯದೆ, ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿ. ಕಾರ್ಬುರೇಟರಿಗೂ ಇನ್‌ಟೇಕ್ ಪೈಪಿಗೂ ನಡುವೆ ಶಾಖ ತಡೆಯುವ ಕಪ್ಪು ಬಿಲ್ಲೆಯೊಂದು ಇರುತ್ತದೆ. ಅದು ಮತ್ತು ಅದರ ಓ-ರಿಂಗುಗಳು ಕೆಳಗೆ ಬಿದ್ದು ತರಗೆಲೆಯಲ್ಲಿ ಕಳೆದುಹೋಗದಿರಲಿ. ತೆರೆದ ಇನ್‌ಟೇಕ್ ಬಾಯಿಗೆ ನೂಲು ಬಿಡದ ಸ್ವಚ್ಛ ಬಟ್ಟೆಯನ್ನು ತುರುಕಿಡಿ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬೌಲಿನ ಸ್ಕ್ರೂಗಳನ್ನು ತೆಗೆಯಿರಿ. ಸ್ಕ್ರೂಡ್ರೈವರ್ ಸ್ಕ್ರೂ ತಲೆಗೆ ಸರಿಯಾಗಿ ಕೂರುವಂಥದ್ದೇ ಬೇಕು. ಈ ಸ್ಕ್ರೂಗಳ ತಲೆ ನೋಡಲು ಸಾಮಾನ್ಯ ಸ್ಟಾರ್‌ನಂತೆ ಕಂಡರೂ ಬಹಳಷ್ಟು ಕಾರ್ಬುರೇಟರುಗಳಲ್ಲಿ ಅದು ಜಪಾನಿ ಅಳತೆಯದು. ಸಾಮಾನ್ಯ ಡ್ರೈವರ್ ಮೇಲಕ್ಕೆ ಜಾರಿ ತಲೆಯನ್ನು ತಿನ್ನುತ್ತದೆ. ಒಳಗೆ ಮೊದಲು ಕಾಣುವುದು ಫ್ಲೋಟ್. ಅದನ್ನು ಹಿಡಿದಿರುವ ಪಿನ್ನನ್ನು ತೆಳು ಮೊಳೆಯಿಂದ ಮೆಲ್ಲನೆ ತಳ್ಳಿ; ಒಂದು ಕಡೆಗೆ ಬಾರದಿದ್ದರೆ ಇನ್ನೊಂದು ಕಡೆಯಿಂದ ನೋಡಿ. ಸುತ್ತಿಗೆ ಬೇಡವೇ ಬೇಡ, ಪಿನ್ ನಿಂತಿರುವ ಎರಡು ಗೂಟಗಳಲ್ಲಿ ಒಂದು ಮುರಿದರೆ ಇಡೀ ಕಾರ್ಬುರೇಟರ್ ಗುಜರಿಗೆ. ಫ್ಲೋಟಿನೊಂದಿಗೆ ಸಣ್ಣ ಸೂಜಿಯೂ ಬರುತ್ತದೆ. ಅದರ ರಬ್ಬರಿನ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಬಳೆಯಂತೆ ಒಂದು ಗೆರೆ ಬಿದ್ದಿದ್ದರೆ ಸೋರಿಕೆಗೆ ಅದೇ ಕಾರಣ, ಸೂಜಿ ಹೊಸದೇ ಬೇಕು. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಅದು ತೂತಾಗಿದೆ.

ನಡುವಿನ ಕಂಬದಲ್ಲಿರುವುದು ಮೇನ್ ಜೆಟ್, ಅದರ ಹಿಂದೆ ಅಡ್ಡ ರಂಧ್ರಗಳಿರುವ ಹಿತ್ತಾಳೆಯ ಎಮಲ್ಷನ್ ಟ್ಯೂಬ್. ಪಕ್ಕದ ಬಾವಿಯಂಥ ಗುಂಡಿಯ ಆಳದಲ್ಲಿ ಪೈಲಟ್ ಜೆಟ್ ಇರುತ್ತದೆ. ಈ ಜೆಟ್ಟಿನ ಸೀಳಿಗೆ ಸರಿಯಾಗಿ ತುಂಬಿಕೊಳ್ಳುವ ಅಗಲದ ಡ್ರೈವರ್ ಹುಡುಕಿಕೊಳ್ಳಿ. ಹಿತ್ತಾಳೆ ಮೆದು, ಒಮ್ಮೆ ಸೀಳು ಹರಿದರೆ ಮತ್ತೆ ಹೊರಗೆ ತರುವುದು ಕಷ್ಟ. ಕೆಲವು ಅಗ್ಗದ ಕಾರ್ಬುರೇಟರುಗಳಲ್ಲಿ ಪೈಲಟ್ ಜೆಟ್ಟನ್ನು ಒತ್ತಿ ಕೂರಿಸಿರುತ್ತಾರೆ, ಅದು ಹೊರಗೆ ಬರುವುದಿಲ್ಲ. ಅಂಥದ್ದಿದ್ದರೆ ಇದ್ದಲ್ಲೇ ತೊಳೆಯಬೇಕು. ಐಡ್ಲಿಂಗಿನಲ್ಲಿ ಗಾಳಿ, ಪೆಟ್ರೋಲಿನ ಪಾಲು ಹೊಂದಿಸುವ ಪಕ್ಕದ ಮಿಕ್ಸ್ಚರ್ ಸ್ಕ್ರೂವನ್ನು ತೆಗೆಯುವ ಮೊದಲು ಒಳಕ್ಕೆ ಹಗುರವಾಗಿ ಮುಟ್ಟುವವರೆಗೆ ತಿರುಗಿಸಿ ಸುತ್ತುಗಳನ್ನು ಎಣಿಸುವುದು ನಿಯಮ. ನಿಮ್ಮ ಗಾಡಿಯಲ್ಲಿ ಆ ಲೆಕ್ಕ ಈಗಾಗಲೇ ಕೈತಪ್ಪಿರುವುದರಿಂದ, ಜೋಡಿಸುವಾಗ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ ಬಿಡಿ, ಅಲ್ಲಿಂದ ಮುಂದಿನದನ್ನು ಎಂಜಿನ್ನೇ ಹೇಳುತ್ತದೆ. ಒಳಕ್ಕೆ ಬಿಗಿಯುವಾಗ ಬಲ ಹಾಕಿದರೆ ಸ್ಕ್ರೂವಿನ ಚೂಪು ಮೊನೆ ಅಲ್ಯೂಮಿನಿಯಂ ಸೀಟಿನಲ್ಲಿ ಗುಂಡಿ ತೋಡುತ್ತದೆ.

ರಬ್ಬರ್ ಭಾಗಗಳನ್ನೆಲ್ಲ ಬೇರೆ ಇಟ್ಟ ಮೇಲೆಯೇ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಓ-ರಿಂಗುಗಳನ್ನು ಅದು ಉಬ್ಬಿಸಿಬಿಡುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ, ಏಕೆಂದರೆ ಒಂದು ರಂಧ್ರಕ್ಕೆ ಹೊಡೆದ ಸ್ಪ್ರೇ ಎದುರಿನ ರಂಧ್ರದಿಂದ ನೇರ ಮುಖಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ನಿಮ್ಮ ಪರೀಕ್ಷೆಯೂ ಹೌದು: ಪೈಲಟ್ ಜೆಟ್ಟಿನ ಗುಂಡಿಗೆ ಹೊಡೆದದ್ದು ಸ್ಲೈಡಿನ ಮುಂದೆ, ಎಂಜಿನ್ ಕಡೆಯ ನೆಲದಲ್ಲಿರುವ ಸೂಕ್ಷ್ಮ ರಂಧ್ರದಿಂದ ಗೆರೆಯಂತೆ ಹೊರಬರಬೇಕು. ಬರುವವರೆಗೆ ಬಿಡಬೇಡಿ. ಬಹಳ ಜನ ಜೆಟ್ಟನ್ನು ತೊಳೆದು, ಜೆಟ್ಟಿನಿಂದ ಮುಂದಿನ ದಾರಿಯನ್ನು ಮರೆಯುತ್ತಾರೆ, ಆಮೇಲೆ ಎಷ್ಟು ಸಲ ತೊಳೆದರೂ ಸರಿಹೋಗಲಿಲ್ಲ ಎನ್ನುತ್ತಾರೆ. ಜೆಟ್ಟಿನ ರಂಧ್ರಕ್ಕೆ ಹೊಲಿಗೆ ಸೂಜಿ, ಪಿನ್ನು, ಉಕ್ಕಿನ ತಂತಿ ಹಾಕಬಾರದು. ರಂಧ್ರ ಕೂದಲಿನಷ್ಟು ದೊಡ್ಡದಾದರೂ ಅಳತೆ ಕೆಡುತ್ತದೆ. ತೆಳು ಎಲೆಕ್ಟ್ರಿಕ್ ವೈರನ್ನು ಸುಲಿದರೆ ಸಿಗುವ ತಾಮ್ರದ ಎಳೆಗಳಲ್ಲಿ ಒಂದೇ ಎಳೆ ಸಾಕು. ಹಸಿರು ಕಿಲುಬು ಗಟ್ಟಿಯಾಗಿದ್ದರೆ ರಾತ್ರಿಯಿಡೀ ಕ್ಲೀನರಿನಲ್ಲಿ ನೆನೆಯಲು ಬಿಡಿ. ಕೊನೆಗೆ ಪಂಕ್ಚರ್ ಅಂಗಡಿಯ ಗಾಳಿಯಿಂದ ಪ್ರತಿ ದಾರಿಯನ್ನೂ ಊದಿಸಿ, ಆದರೆ ಫ್ಲೋಟಿಗೆ ಆ ಗಾಳಿ ತಾಗಿಸಬೇಡಿ.

ಜೋಡಿಸುವಾಗ ತಪ್ಪುವುದು ಸಾಮಾನ್ಯವಾಗಿ ಸ್ಲೈಡಿನಲ್ಲಿ. ಅದರ ಮೈಮೇಲೆ ಒಂದು ಉದ್ದನೆಯ ತೋಡು ಇದೆ, ಕಾರ್ಬುರೇಟರಿನೊಳಗೆ ಅದಕ್ಕೆ ಸರಿಹೊಂದುವ ಗುಬುಟು ಇದೆ. ತಳದ ಅಂಚು ಓರೆಯಾಗಿ ಕತ್ತರಿಸಿದ ಕಡೆ ಏರ್ ಫಿಲ್ಟರಿಗೆ ಮುಖ ಮಾಡಬೇಕು. ಉಲ್ಟಾ ಕೂರಿಸಿದರೆ ಎಂಜಿನ್ ಹತ್ತಿಕೊಂಡ ಕ್ಷಣದಲ್ಲೇ ಕಿರುಚಿಕೊಂಡು ಏರುತ್ತದೆ. ಹಾಗಾಗಿ ಸ್ಟಾರ್ಟ್ ಮಾಡುವ ಮೊದಲು ಹೆಬ್ಬೆರಳಿನ ಥ್ರಾಟಲ್ ಲಿವರನ್ನು ಒತ್ತಿ ಬಿಡಿ. ಸ್ಲೈಡ್ ಟಪ್ಪೆಂದು ಕೆಳಗೆ ಬಿದ್ದ ಸದ್ದು ಕೇಳಬೇಕು.

ಎತ್ತರದ ಬಗ್ಗೆ ಕೇಳಿದಿರಿ. ನೂರು ಮೀಟರ್ ಏರಿದಂತೆ ಗಾಳಿಯ ಸಾಂದ್ರತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ, ಆದ್ದರಿಂದ ಮಂಗಳೂರಿನ ಜೆಟ್ ನಿಮ್ಮಲ್ಲಿ ಪೆಟ್ರೋಲನ್ನು ಸ್ವಲ್ಪ ಹೆಚ್ಚೇ ಕೊಡುತ್ತದೆ. ನಿಮ್ಮ ಈಗಿನ ತೊಂದರೆ ಅದಕ್ಕೆ ಉಲ್ಟಾ, ಪೆಟ್ರೋಲ್ ಕಡಿಮೆಯಾದದ್ದು. ಸದ್ಯ ಜೆಟ್ಟಿನ ಗೊಡವೆ ಬೇಡ. ಎಲ್ಲ ಸರಿಹೋದ ಮೇಲೆ ಪ್ಲಗ್ ಮಸಿ ಹಿಡಿಯುತ್ತಿದ್ದರೆ ಮಾತ್ರ, ಉದ್ದನೆಯ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲಕ್ಕೆ ಹಾಕಿ. ಸೂಜಿ ಅಷ್ಟು ಕೆಳಗಿಳಿದು ನಡು ಓಟದ ಪೆಟ್ರೋಲ್ ಕಡಿಮೆಯಾಗುತ್ತದೆ.

ಉತ್ತರ 2
ಗ್ಯಾರೇಜಿನವ, ಸಕಲೇಶಪುರ

ಹಳೆಯಪಾನಾ ಅವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಆದರೆ ಆ ಮೆಕ್ಯಾನಿಕ್ ಪರವಾಗಿಯೂ ಒಂದು ಮಾತು ಇರಲಿ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳು ಬಹುಪಾಲು ಫ್ಯೂಯಲ್ ಇಂಜೆಕ್ಷನ್‌ಗೆ ಹೋದವು. ಆಮೇಲೆ ಕೆಲಸ ಕಲಿತ ಹುಡುಗರ ಕೈಗೆ ಸ್ಕ್ಯಾನರ್ ಒಗ್ಗಿದಷ್ಟು ಜೆಟ್ ಒಗ್ಗಿಲ್ಲ. ಅರ್ಧ ದಿನದ ಕೂಲಿಗಿಂತ ಹೊಸ ಕಾರ್ಬುರೇಟರ್ ಅಗ್ಗವಾಗುವ ಸಂದರ್ಭವೂ ಉಂಟು. ನನ್ನ ಅಳತೆ ಇಷ್ಟೇ: ಬೌಲ್ ಬಿಚ್ಚಿದಾಗ ಒಳಮೈಯಲ್ಲಿ ಬಿಳಿ ಪುಡಿಯಿದ್ದು, ಉಜ್ಜಿದ ಮೇಲೆ ಲೋಹದಲ್ಲಿ ಗುಳಿಗಳು ಕಂಡರೆ ಬದಲಿಸಿ; ಬರಿಯ ಅಂಟು, ಕಿಲುಬು ಮಾತ್ರ ಇದ್ದರೆ ಹಳೆಯದನ್ನೇ ಉಳಿಸಿಕೊಳ್ಳಿ. ಅದೇ ಸಂಖ್ಯೆಯ ಕಾರ್ಬುರೇಟರ್ ತಂದರೂ ಒಳಗಿನ ಜೆಟ್‌ಗಳ ಸಂಖ್ಯೆ ಬೇರೆಯಿರಬಹುದು, ಹಾಗಾಗಿ ಹಳೆಯದರ ಜೆಟ್ ಮೇಲಿನ ಅಂಕಿಗಳನ್ನು ಬರೆದಿಟ್ಟುಕೊಳ್ಳದೆ ಎಸೆಯಬೇಡಿ.

ತೊಟ್ಟಿಕ್ಕುವುದಕ್ಕೆ ಸೂಜಿಯೊಂದೇ ಕಾರಣ ಎಂದುಕೊಂಡು ಎರಡು ಸಲ ಸೂಜಿ ಬದಲಿಸಿ ನಾನೇ ಮೋಸ ಹೋಗಿದ್ದೇನೆ. ಹೆಚ್ಚಾದ ಪೆಟ್ರೋಲನ್ನು ಹೊರಬಿಡುವ ಓವರ್‌ಫ್ಲೋ ಇರುವ ಬೌಲುಗಳ ಒಳಗೆ ನೆಟ್ಟಗೆ ನಿಂತ ಹಿತ್ತಾಳೆಯ ಕೊಳವೆಯೊಂದಿರುತ್ತದೆ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಪೆಟ್ರೋಲ್ ಮಟ್ಟ ಸರಿಯಾಗಿರುವಾಗಲೇ ಸೋರುತ್ತದೆ. ಬೌಲನ್ನು ಬಿಚ್ಚಿದಾಗ ಡ್ರೈನ್ ಸ್ಕ್ರೂ ಬಿಗಿದು, ಕೊಳವೆಯ ತುದಿ ಮುಳುಗದಷ್ಟು ಪೆಟ್ರೋಲ್ ಸುರಿದು, ಒಣ ಕಾಗದದ ಮೇಲೆ ಅರ್ಧ ಗಂಟೆ ಇಡಿ. ಕಾಗದ ಒದ್ದೆಯಾಗದಿದ್ದರೆ ಸೂಜಿಯ ಕಡೆಗೇ ಹೋಗಿ.

ಉತ್ತರ 3
ಹಿಮದೂರಿನವ, ಮಿನ್ನೆಸೋಟ

ನನ್ನದು ಯಮಹಾ ಗ್ರಿಜ್ಲಿ 350. ನಿಮ್ಮ ಸಣ್ಣ ಗಾಡಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿದಿದ್ದರೆ, ಮುಂದೆ ದೊಡ್ಡ ಎಟಿವಿಯವರು ಇದೇ ಚರ್ಚೆ ಓದುವಾಗ ಎಡವುವುದಿಲ್ಲ ಎಂದು ಬರೆಯುತ್ತಿದ್ದೇನೆ. ಇದರಲ್ಲಿರುವುದು ಮಿಕುನಿಯ 33 ಮಿ.ಮೀ. ಸಿ.ವಿ. ಕಾರ್ಬುರೇಟರ್. ಇಲ್ಲಿ ಕೇಬಲ್ ಸ್ಲೈಡನ್ನು ಎಳೆಯುವುದಿಲ್ಲ, ಕೆಳಗಿನ ಚಿಟ್ಟೆಯಂಥ ತಟ್ಟೆಯನ್ನು ಮಾತ್ರ ತಿರುಗಿಸುತ್ತದೆ. ಸ್ಲೈಡನ್ನು ಮೇಲೆತ್ತುವುದು ಎಂಜಿನ್ನಿನ ನಿರ್ವಾತ ಮತ್ತು ಒಂದು ತೆಳು ರಬ್ಬರ್ ಪೊರೆ. ಮೊದಲ ಸಲ ನಾನು ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟಿದಾಗ ಅಂಟಿಕೊಂಡಿದ್ದ ಪೊರೆಯ ಅಂಚು ಹರಿದು, ಎಂಜಿನ್ ಅರ್ಧ ವೇಗದ ಮೇಲೆ ಏರದಂತಾಯಿತು. ಮುಚ್ಚಳವನ್ನು ಬೆರಳಿನಿಂದಲೇ ಸುತ್ತಲೂ ಸಡಿಲಿಸಬೇಕು, ಪೊರೆಗೆ ಕ್ಲೀನರ್ ತಾಗಿಸಬಾರದು, ತೆಗೆದ ಮೇಲೆ ಬಲ್ಬಿನ ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತೂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ನಿಮಗೆ ಮಳೆ ನಾಲ್ಕು ತಿಂಗಳಾದರೆ ನಮಗೆ ಹಿಮ ಐದು ತಿಂಗಳು. ಈ ರಾಜ್ಯದಲ್ಲಿ ಸಾಮಾನ್ಯ ಪೆಟ್ರೋಲಿಗೆ ಎಥನಾಲ್ ಬೆರೆಸುವುದು ಕಾನೂನಿನಂತೆ ಕಡ್ಡಾಯ, ಆದರೆ ಎಟಿವಿ, ದೋಣಿ, ಹಿಮಗಾಡಿಗಳಂಥವಕ್ಕೆ ಎಥನಾಲ್ ಇಲ್ಲದ ಪೆಟ್ರೋಲ್ ಮಾರಲು ವಿನಾಯಿತಿ ಇದೆ, ನಾನು ಅದನ್ನೇ ಹಾಕುತ್ತೇನೆ. ಹಾಗಿದ್ದೂ ಗಾಡಿಯನ್ನು ಒಳಗಿಡುವ ದಿನ ಟ್ಯಾಪ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಡ್ರೈನ್ ಸ್ಕ್ರೂ ಕೂಡ ತೆರೆದುಬಿಡುತ್ತೇನೆ. ಎಂಜಿನ್ ತಾನಾಗಿ ನಿಂತರೂ ಬೌಲಿನ ತಳದಲ್ಲಿ ಒಂದೆರಡು ಚಮಚ ಪೆಟ್ರೋಲ್ ಉಳಿದಿರುತ್ತದೆ. ಪೈಲಟ್ ಜೆಟ್ಟನ್ನು ಕಟ್ಟಿಸಲು ಅಷ್ಟೇ ಸಾಕು.

ಪ್ರಶ್ನೆ ಕೇಳಿದವರ ಮರುಬರಹ
ತೋಟದಹಾದಿ, ಸೋಮವಾರಪೇಟೆ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಇಡೀ ದಿನ ಇದರಲ್ಲೇ ಕಳೆಯಿತು. ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಸ್ಪಷ್ಟವಾಗಿಯೇ ಇತ್ತು, ಆದ್ದರಿಂದ ಮೊದಲು ಆಯಿಲನ್ನು ಇಳಿಸಿದೆ, ನೀರಿನಂತೆ ತೆಳುವಾಗಿತ್ತು. ಆ ಒಂದು ಮಾತು ಹೇಳದಿದ್ದರೆ ನಾನು ಅದೇ ಆಯಿಲಿನಲ್ಲಿ ಗಾಡಿಯನ್ನು ಓಡಿಸಿಬಿಡುತ್ತಿದ್ದೆ. ಬೌಲಿನ ಪೆಟ್ರೋಲನ್ನು ಹಳೆಯ ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದಾಗ ತಳದಲ್ಲಿ ಹನಿಗಳೂ ಕೆಂಪು ಮಡ್ಡಿಯೂ ಕೂತವು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಟ್ಯಾಪಿನೊಳಗಿನ ಜಾಲರಿಯನ್ನು ತೊಳೆದು, ಹೊಸ ಪೆಟ್ರೋಲ್ ತಂದೆ.

ಪೈಲಟ್ ಜೆಟ್ ಹೊರಗೆ ಬಂತು, ಆದರೆ ಬೆಳಕಿಗೆ ಹಿಡಿದರೆ ರಂಧ್ರವೇ ಕಾಣಲಿಲ್ಲ. ರಾತ್ರಿಯಿಡೀ ನೆನೆಸಿ, ತಾಮ್ರದ ಎಳೆಯಿಂದ ಬಿಡಿಸಿದ ಮೇಲೆ ನಕ್ಷತ್ರದಷ್ಟು ಬೆಳಕು ಕಂಡಿತು. ಗ್ಯಾರೇಜಿನವರು ಹೇಳಿದ ಕಾಗದದ ಪರೀಕ್ಷೆಯಲ್ಲಿ ಬೌಲ್ ಗೆದ್ದಿತು. ಸೂಜಿಯ ಮೊನೆಯಲ್ಲಿ ಮಾತ್ರ ಬಳೆಯಂಥ ಗೆರೆ ಇತ್ತು, ಅದನ್ನು ಕುಶಾಲನಗರದಿಂದ ತರಿಸಿ ಬದಲಿಸಿದೆ. ಈಗ ತೊಟ್ಟಿಕ್ಕುವುದು ನಿಂತಿದೆ, ಚೋಕ್ ತೆಗೆದ ಮೇಲೂ ಎಂಜಿನ್ ಓಡುತ್ತದೆ.

ಆದರೆ ಹೊಸ ಸಮಸ್ಯೆಯೊಂದು ಹುಟ್ಟಿದೆ. ಎಂಜಿನ್ ಬಿಸಿಯಾದ ಮೇಲೆ ಲಿವರನ್ನು ಒತ್ತಿ ಬಿಟ್ಟರೆ ವೇಗ ತಕ್ಷಣ ಇಳಿಯದೆ, ಏಳೆಂಟು ಸೆಕೆಂಡು ಮೇಲೆಯೇ ತೂಗಾಡಿ ಆಮೇಲೆ ಕೆಳಗೆ ಬರುತ್ತದೆ. ಐಡ್ಲಿಂಗ್ ಸ್ಕ್ರೂ ಬಿಚ್ಚುತ್ತಾ ಹೋದರೆ ಒಂದು ಹಂತದಲ್ಲಿ ನಿಂತೇ ಹೋಗುತ್ತದೆ. ಸ್ಲೈಡ್ ಸರಿಯಾದ ಮುಖದಲ್ಲೇ ಇದೆ, ಟಪ್ಪೆಂಬ ಸದ್ದೂ ಕೇಳುತ್ತದೆ. ಕಾರ್ಬುರೇಟರನ್ನು ಮತ್ತೆ ಬಿಚ್ಚಬೇಕೇ?

ಉತ್ತರ 4
ಹಳೆಯಪಾನಾ, ಹಾಸನ

ಬೌಲನ್ನು ಬಿಚ್ಚಬೇಡಿ, ತೊಂದರೆ ಅದರೊಳಗೆ ಇರುವ ಲಕ್ಷಣ ಇದಲ್ಲ. ವೇಗ ಹೀಗೆ ಮೇಲೆ ತೂಗಾಡುವುದು ಎಂಜಿನ್ನಿಗೆ ಲೆಕ್ಕಕ್ಕಿಂತ ಹೆಚ್ಚು ಗಾಳಿ ಸಿಗುತ್ತಿರುವಾಗ. ಮೊದಲು ಕೇಬಲ್ ನೋಡಿ: ಎಂಜಿನ್ ಐಡ್ಲಿಂಗಿನಲ್ಲಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ವೇಗ ಬದಲಾದರೆ ಕೇಬಲ್ ಬಿಗಿಯಾಗಿದೆ, ಲಿವರಿನ ಬಳಿ ಎರಡು ಮೂರು ಮಿ.ಮೀ. ಸಡಿಲ ಇರುವಂತೆ ಹೊಂದಿಸಿ. ಬದಲಾಗದಿದ್ದರೆ ಇನ್‌ಟೇಕ್ ಪೈಪಿನ ಎರಡು ಕೂಡುಗಳಲ್ಲಿ ಎಲ್ಲೋ ಸೀಳಿನಿಂದ ಗಾಳಿ ನುಗ್ಗುತ್ತಿದೆ. ಇದನ್ನು ಹುಡುಕಲು ಕೆಲವರು ಬಿಸಿ ಎಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರನ್ನೇ ಹೊಡೆಯುತ್ತಾರೆ. ಸೈಲೆನ್ಸರ್ ಅಷ್ಟು ಹತ್ತಿರ ಇರುವಾಗ ಅದು ಬೆಂಕಿಗೆ ಆಹ್ವಾನ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಯಿಂದ ಕೂಡುಗಳ ಮೇಲೆ ನೀರನ್ನು ಚಿಮುಕಿಸಿ. ನೀರು ಬಿದ್ದ ಕ್ಷಣ ಎಂಜಿನ್ನಿನ ಸದ್ದು ಬದಲಾದ ಜಾಗವೇ ಕಳ್ಳದಾರಿ.

ಶಾಖ ತಡೆಯುವ ಕಪ್ಪು ಬಿಲ್ಲೆಯ ಓ-ರಿಂಗುಗಳನ್ನು ಹಳೆಯದೇ ಹಾಕಿದ್ದೀರೆಂದು ನನ್ನ ಊಹೆ. ಅವು ಅಗ್ಗದ ವಸ್ತು, ಹಾಗಾಗಿಯೇ ಎಲ್ಲರೂ ಮರೆಯುತ್ತಾರೆ. ಹೊಸದು ಹಾಕಿದ ಮೇಲೆ ಫ್ಲ್ಯಾಂಜಿನ ಎರಡೂ ಬೋಲ್ಟುಗಳನ್ನು ಸಮವಾಗಿ ಬಿಗಿಯಿರಿ. ಒಂದೇ ಕಡೆ ಅತಿಯಾಗಿ ಬಿಗಿದರೆ ಫ್ಲ್ಯಾಂಜ್ ಬಾಗಿ ಮತ್ತೆ ಸೀಳು ಬಿಡುತ್ತದೆ. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾದಾಗ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಎರಡೂ ಕಡೆ ಆಡಿಸಿ, ವೇಗ ಅತಿ ಹೆಚ್ಚಿರುವ ಜಾಗದಲ್ಲಿ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂವಿನಿಂದ ವೇಗವನ್ನು ನಿಮಿಷಕ್ಕೆ ಸುಮಾರು 1,500 ಸುತ್ತಿಗೆ ಇಳಿಸಿ. ಮೀಟರ್ ಇಲ್ಲದಿದ್ದರೆ, ಗೇರಿಗೆ ಹಾಕಿದಾಗ ಗಾಡಿ ತಾನಾಗಿ ಮುಂದೆ ತೆವಳದಷ್ಟು ಇದ್ದರೆ ಸರಿ.

ಪ್ರಶ್ನೆ ಕೇಳಿದವರ ಮರುಬರಹ
ತೋಟದಹಾದಿ, ಸೋಮವಾರಪೇಟೆ ತಾಲ್ಲೂಕು

ಹ್ಯಾಂಡಲ್ ತಿರುಗಿಸಿದಾಗ ಏನೂ ಬದಲಾಗಲಿಲ್ಲ, ನೀರು ಚಿಮುಕಿಸಿದಾಗ ಮಾತ್ರ ಗುಟ್ಟು ಹೊರಬಿತ್ತು. ಬಿಲ್ಲೆಯ ಎಂಜಿನ್ ಕಡೆಯ ಮುಖದಲ್ಲಿ ಓ-ರಿಂಗೇ ಇರಲಿಲ್ಲ. ನಾನು ಕಳಚುವಾಗ ಬಿದ್ದುಹೋಯಿತೋ, ಕೊಂಡ ದಿನದಿಂದಲೇ ಇರಲಿಲ್ಲವೋ ತಿಳಿಯದು. ಮೊದಲು ತೆಗೆದ ಫೋಟೋಗಳನ್ನು ಹಿಗ್ಗಿಸಿ ನೋಡಿದರೂ ಆ ಮುಖ ಯಾವುದರಲ್ಲೂ ಇಲ್ಲ. ಇನ್ನೊಂದು ಮುಖದ ಓ-ರಿಂಗ್ ಚಪ್ಪಟೆಯಾಗಿ ತನ್ನ ತೋಡಿನಿಂದ ಮೇಲಕ್ಕೇ ಏಳುತ್ತಿರಲಿಲ್ಲ. ಎರಡನ್ನೂ ಹೊಸದಾಗಿ ಹಾಕಿದ ಮೇಲೆ ಲಿವರ್ ಬಿಟ್ಟ ಕೂಡಲೇ ವೇಗ ಇಳಿಯುತ್ತಿದೆ. ಮಿಕ್ಸ್ಚರ್ ಸ್ಕ್ರೂ ಒಂದೂ ಮುಕ್ಕಾಲು ಸುತ್ತಿನಲ್ಲಿ ನಿಂತಿತು. ಅದನ್ನು ಈ ಸಲ ಟೂಲ್‌ಬಾಕ್ಸಿನ ಮುಚ್ಚಳದ ಒಳಗಡೆ ಬರೆದಿಟ್ಟಿದ್ದೇನೆ.

ನಿನ್ನೆ ಎರಡು ಚೀಲ ಗೊಬ್ಬರ ಹೇರಿ ಮೇಲಿನ ಪಟ್ಟಿಯವರೆಗೆ ಹತ್ತಿಸಿ, ಇಳಿದ ಮೇಲೆ ಪ್ಲಗ್ ತೆಗೆದು ನೋಡಿದೆ. ಸ್ವಲ್ಪ ಕಪ್ಪಾಗಿತ್ತು, ಹಾಗಾಗಿ ಕ್ಲಿಪ್ಪನ್ನು ನಡುವಿನ ಗೀರಿನಿಂದ ಒಂದು ಗೀರು ಮೇಲಕ್ಕೆ ಹಾಕಿದ್ದೇನೆ. ಏರ್ ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಲು ಹಾಕಿದೆ, ನಾಳೆ ಅದಕ್ಕೆ ಎಣ್ಣೆ ಹಿಂಡಿ ಕೂರಿಸಿ ಇನ್ನೊಮ್ಮೆ ಪ್ಲಗ್ಗಿನ ಬಣ್ಣ ನೋಡುತ್ತೇನೆ.